ಶಾಸನದ ಶಿಸ್ತು, ಕಥನದ ಕ್ರಮ: ಹೊರನಾಡ ಸಂಶೋಧಕರ ಬರವಣಿಗೆ ಮತ್ತು ಮಂಡನೆ

೧

ಸಂಶೋಧನೆಯ ಫಲಿತವು ಎಷ್ಟೇ ಮೌಲಿಕವಾಗಿದ್ದರೂ ಅದು ಓದುಗನನ್ನೋ ಕೇಳುಗನನ್ನೋ ತಲುಪದೆ ಹೋದರೆ, ಆ ಮಟ್ಟಿಗೆ ಅದು ನಡೆಯದ ಸಂಶೋಧನೆಯೇ ಸರಿ. ಕರ್ನಾಟಕದೊಳಗೆ ಕನ್ನಡದಲ್ಲಿ ಬರೆಯುವವರಿಗೆ ಈ ಮಾತಿನ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಅಲ್ಲಿ ಪಂಪನು ಯಾರು, ವಚನವೆಂದರೇನು ಎಂಬುದನ್ನು ಹೇಳಬೇಕಾಗಿಲ್ಲ. ಬರಹವು ಸ್ವಲ್ಪ ತೊಡಕಾಗಿದ್ದರೂ ಓದುಗನು ತನ್ನ ತಿಳಿವಳಿಕೆಯಿಂದಲೇ ಅದನ್ನು ತುಂಬಿಕೊಳ್ಳುತ್ತಾನೆ. ಹೊರನಾಡಿನಲ್ಲಿ ಈ ಅನುಕೂಲವಿಲ್ಲ. ಇಲ್ಲಿ ನಮ್ಮ ಪ್ರಬಂಧವನ್ನು ಕೇಳುವವರಲ್ಲಿ ತೆಲುಗು, ತಮಿಳು, ಮಲಯಾಳ, ಮರಾಠಿ, ಹಿಂದಿ ವಿದ್ವಾಂಸರಿರುತ್ತಾರೆ. ಅವರಿಗೆ ನಮ್ಮ ಭಾಷೆಯ ವಿಷಯದಲ್ಲಿ ಕುತೂಹಲವುಂಟು, ಹಿನ್ನೆಲೆಯಿಲ್ಲ. ಎಷ್ಟೋ ವೇಳೆ ಆ ಹದಿನೈದು ನಿಮಿಷಗಳೇ ಅವರು ಕನ್ನಡ ಸಾಹಿತ್ಯವನ್ನು ಕುರಿತು ವರ್ಷದಲ್ಲಿ ಕೇಳುವ ಏಕೈಕ ಮಾತು.

ಈ ಅವಕಾಶವನ್ನು ನಾವೇ ಒಮ್ಮೆ ಕೈಚೆಲ್ಲಿದ್ದುಂಟು. ಹಲವು ವರ್ಷಗಳ ಹಿಂದೆ ನೆರೆರಾಜ್ಯವೊಂದರ ವಿಚಾರಸಂಕಿರಣದಲ್ಲಿ ಜಿನವಲ್ಲಭನ ಕುರ್ಕ್ಯಾಲ ಶಾಸನವನ್ನು ಕುರಿತು ಪ್ರಬಂಧ ಓದಿದೆವು. ರಾಷ್ಟ್ರಕೂಟರ ಇತಿಹಾಸದಿಂದ ಮೊದಲುಮಾಡಿ, ವೇಮುಲವಾಡದ ಚಾಲುಕ್ಯರನ್ನು ಹಾದು, ಪಂಪನ ಮಹತ್ತ್ವವನ್ನು ಕೊಂಡಾಡಿ, ಶಾಸನದ ಬಳಿಗೆ ಬರುವಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿದರು. ಪ್ರಶ್ನೆಗಳಿಗೆ ಬಿಟ್ಟ ವೇಳೆಯಲ್ಲಿ ಒಬ್ಬರೂ ಏಳಲಿಲ್ಲ. ಊಟದ ಹೊತ್ತಿನಲ್ಲಿ ತೆಲುಗು ಅಧ್ಯಾಪಕರೊಬ್ಬರು ಬಳಿಗೆ ಬಂದು, ‘ನೀವು ಹೇಳಿದ್ದು ಮೂರು ತೆಲುಗು ಕಂದಪದ್ಯಗಳಿರುವ ಬಂಡೆಯನ್ನೇ?’ ಎಂದು ಕೇಳಿದರು. ಅದೇ ಬಂಡೆ. ಅವರು ಅದರ ಮೇಲೆ ಎರಡು ಗಂಟೆ ಮಾತನಾಡಬಲ್ಲವರಾಗಿದ್ದರು. ಆದರೆ ಹದಿನೈದು ನಿಮಿಷಗಳ ಕಾಲ ನಮ್ಮೆದುರಿಗೆ ಕುಳಿತಿದ್ದರೂ ನಾವು ಯಾವುದನ್ನು ಕುರಿತು ಮಾತನಾಡುತ್ತಿದ್ದೇವೆಂಬುದು ಅವರಿಗೆ ಗೊತ್ತಾಗಿರಲಿಲ್ಲ. ತಪ್ಪು ಅವರದಲ್ಲ.

ಆ ಮಧ್ಯಾಹ್ನದ ಪಾಠವೇ ಪ್ರಸ್ತುತ ಲೇಖನಕ್ಕೆ ಮೂಲ. ಒಳ್ಳೆಯ ಬರವಣಿಗೆ ಎಂಬುದು ವಿಷಯಕ್ಕೆ ಕಡೆಯಲ್ಲಿ ತೊಡಿಸುವ ಅಲಂಕಾರವಲ್ಲ. ಆಧಾರವನ್ನು ಓದುಗನ ಕೈಗೆ ಸಿಗುವಂತೆ ಜೋಡಿಸುವ ಶಿಸ್ತು. ಈ ಶಿಸ್ತಿನ ಉಪಕರಣಗಳನ್ನು ನಾವು ಬೇರೆಲ್ಲಿಂದಲೂ ತರಬೇಕಾಗಿಲ್ಲ. ನಾವು ಅಧ್ಯಯನ ಮಾಡುವ ಶಾಸನ, ಗದ್ಯಕಥೆ, ಸಂಕಲನಗ್ರಂಥಗಳಲ್ಲಿಯೇ ಅವು ಇವೆ. ಅವನ್ನು ಅಭ್ಯಾಸದ ವಸ್ತುವಾಗಿ ಮಾತ್ರ ಕಂಡಿದ್ದೇವೆ, ಅಭ್ಯಾಸಕ್ರಮವಾಗಿ ಕಂಡಿಲ್ಲ ಎಂಬುದಷ್ಟೇ ಕೊರತೆ.

೨

ಹೈದರಾಬಾದಿನ ಈಶಾನ್ಯ ಅಂಚಿನಲ್ಲಿರುವ ಕುಷಾಯಿಗೂಡವು ಕೈಗಾರಿಕೆಗಳ ನೆರೆಯ ಬಡಾವಣೆ. ೧೯೬೭ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನೂ ೧೯೭೧ರಲ್ಲಿ ಪರಮಾಣು ಇಂಧನ ಸಂಕೀರ್ಣವೂ ಈ ಸುತ್ತಿನಲ್ಲಿ ನೆಲೆಗೊಂಡ ಮೇಲೆ ನಾನಾ ಪ್ರಾಂತಗಳ ಜನ ಇಲ್ಲಿಗೆ ಬಂದು ನೆಲೆಸಿದರು. ಅವರಲ್ಲಿ ಕನ್ನಡಿಗರೂ ಇದ್ದಾರೆ. ಬೀದರ, ಕಲಬುರಗಿ, ರಾಯಚೂರುಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುದರಿಂದ ಆ ಜಿಲ್ಲೆಗಳವರಿಗೆ ಈ ನಗರವು ಪರಸ್ಥಳವಲ್ಲ. ಗಡಿಯು ಆಮೇಲೆ ಬಂದುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ, ಕಚೇರಿಯಲ್ಲಿ ಇಂಗ್ಲಿಷ್ ಎಂಬುದು ಇಲ್ಲಿಯ ದಿನಚರಿ.

ಈ ಬಡಾವಣೆಯ ಮನೆಯೊಂದರ ಮಹಡಿಯಲ್ಲಿ ಭಾನುವಾರಗಳಂದು ನಾಲ್ಕೈದು ಮಂದಿ ಸಂಶೋಧನ ವಿದ್ಯಾರ್ಥಿಗಳು ನಮ್ಮೊಡನೆ ಕುಳಿತು ತಮ್ಮ ಕರಡುಗಳನ್ನು ಓದುವ ಪರಿಪಾಠವಿದೆ. ಅದಕ್ಕೆ ಹೆಸರಿಲ್ಲ, ನಿಯಮಾವಳಿಯಿಲ್ಲ. ಒಂದೇ ಕಟ್ಟುಪಾಡು: ಓದುವವರ ವಿಷಯವನ್ನು ಅರಿಯದವರೊಬ್ಬರು ಕೇಳುಗರಲ್ಲಿ ಇರಲೇಬೇಕು. ಸಾಮಾನ್ಯವಾಗಿ ನೆರೆಮನೆಯ ನಿವೃತ್ತ ತಂತ್ರಜ್ಞರೊಬ್ಬರು ಈ ಸ್ಥಾನವನ್ನು ತುಂಬುತ್ತಾರೆ. ಅವರ ಮಾತೃಭಾಷೆ ತೆಲುಗು. ಕನ್ನಡವನ್ನು ಕೇಳಿ ತಿಳಿಯಬಲ್ಲರು. ಮುಂದೆ ಹೇಳುವ ವಿಧಾನಗಳೆಲ್ಲ ಈ ಮಹಡಿಯಲ್ಲಿ ಪ್ರಯೋಗಕ್ಕೆ ಒಳಪಟ್ಟಂಥವು. ಉದಾಹರಣೆಗೆ ನಾವು ಒಮ್ಮೆ ಕೆಡಿಸಿದ ವಸ್ತುವನ್ನೇ, ಎಂದರೆ ಕುರ್ಕ್ಯಾಲ ಶಾಸನವನ್ನೇ, ಮತ್ತೆ ಎತ್ತಿಕೊಂಡಿದ್ದೇವೆ. ಕುಷಾಯಿಗೂಡದಿಂದ ಕರೀಂನಗರದ ಹಾದಿ ಹಿಡಿದರೆ ಒಂದೇ ದಿನದಲ್ಲಿ ಆ ಬಂಡೆಯನ್ನು ನೋಡಿಕೊಂಡು ಮರಳಬಹುದಾದ್ದರಿಂದ ಇಲ್ಲಿಯ ಅಭ್ಯಾಸಕ್ಕೆ ಅದು ತಕ್ಕ ವಸ್ತುವೂ ಹೌದು.

೩

ಮೊದಲಿಗೆ ಶಾಸನಗಳ ರಚನಾಕ್ರಮವನ್ನು ಗಮನಿಸಬಹುದು. ದಾನಶಾಸನವೊಂದು ಸಾಮಾನ್ಯವಾಗಿ ಮಂಗಳವಾಕ್ಯದಿಂದ ಆರಂಭವಾಗಿ, ಆಳುವ ಅರಸನನ್ನು ಹೆಸರಿಸಿ, ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳಿ, ದಾನಿಯನ್ನೂ ದಾನ ಪಡೆದವನನ್ನೂ ಗುರುತಿಸಿ, ಕೊಟ್ಟ ಭೂಮಿಯ ನಾಲ್ಕೂ ಎಲ್ಲೆಗಳನ್ನು ವಿವರಿಸಿ, ಸಾಕ್ಷಿಗಳನ್ನು ಕಾಣಿಸಿ, ಅಳಿದವರಿಗೆ ಶಾಪವನ್ನು ನುಡಿದು, ಬರೆದವನ ಹಾಗೂ ಕಂಡರಿಸಿದವನ ಹೆಸರಿನೊಡನೆ ಮುಗಿಯುತ್ತದೆ. ಎಲ್ಲ ಶಾಸನಗಳಲ್ಲಿಯೂ ಎಲ್ಲ ಅಂಗಗಳೂ ಇರುತ್ತವೆಂದಲ್ಲ. ಆದರೆ ಈ ಕ್ರಮದ ಹಿಂದಿರುವ ವಿವೇಕವು ಸ್ಪಷ್ಟವಾಗಿದೆ. ಶಾಸನವನ್ನು ಬರೆಸಿದವನು ತಾನು ಕಾಣದ ಕಾಲದ ಓದುಗನಿಗಾಗಿ ಬರೆಸುತ್ತಾನೆ. ಆ ಓದುಗನು ಎದ್ದುನಿಂತು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಬಂಡೆಯ ಮೇಲೆಯೇ ಉತ್ತರವಿರಬೇಕು.

ಸಂಶೋಧನ ಪ್ರಬಂಧದ ಮೊದಲ ಪುಟವೂ ಹೀಗೆಯೇ ಇರತಕ್ಕದ್ದು. ವಸ್ತು ಯಾವುದು, ಎಲ್ಲಿದೆ, ಯಾವ ಕಾಲದ್ದು, ಅದನ್ನು ಕುರಿತು ನಾವು ಹೇಳಬಯಸುವ ಹೊಸ ಸಂಗತಿ ಯಾವುದು, ಅದರ ಎಲ್ಲೆ ಎಲ್ಲಿಯವರೆಗೆ, ಸಾಕ್ಷಿ ಯಾವುದು ಎಂಬ ಆರು ಪ್ರಶ್ನೆಗಳಿಗೆ ಮೊದಲ ಪುಟದಲ್ಲಿ ಉತ್ತರ ದೊರೆಯಬೇಕು. ಇವುಗಳಲ್ಲಿ ‘ಎಲ್ಲೆ’ಯು ನಮ್ಮವರು ಹೆಚ್ಚಾಗಿ ಮರೆಯುವ ಅಂಗ. ಮೂಡಣ ದಿಕ್ಕಿಗೆ ಕೆರೆ, ತೆಂಕಣ ದಿಕ್ಕಿಗೆ ಹುತ್ತ ಎಂದು ಶಾಸನಕವಿಯು ಎಲ್ಲೆ ಹೇಳುವಷ್ಟು ಖಚಿತವಾಗಿ, ಈ ಪ್ರಬಂಧವು ಇಂಥ ಪಠ್ಯವನ್ನು ಮಾತ್ರ ನೋಡುತ್ತದೆ, ಇಂಥ ಪ್ರಶ್ನೆಯನ್ನು ಮುಟ್ಟುವುದಿಲ್ಲ ಎಂದು ಹೇಳಿದರೆ, ಅರ್ಧದಷ್ಟು ಆಕ್ಷೇಪಗಳು ಹುಟ್ಟುವ ಮೊದಲೇ ಅಡಗುತ್ತವೆ.

ಈಗ ಉದಾಹರಣೆ. ನಮ್ಮ ಹಳೆಯ ಪ್ರಬಂಧದ ಮೊದಲ ವಾಕ್ಯವು ಸುಮಾರಾಗಿ ಹೀಗಿತ್ತು:

‘ಕನ್ನಡ ಸಾಹಿತ್ಯದ ಆದಿಕವಿಯೆಂದು ಪ್ರಖ್ಯಾತನಾಗಿರುವ, ತನ್ನ ಅಮೋಘವಾದ ಚಂಪೂಕಾವ್ಯಗಳ ಮೂಲಕ ಕನ್ನಡದ ಕೀರ್ತಿಪತಾಕೆಯನ್ನು ದಿಗಂತಕ್ಕೆ ಏರಿಸಿದ ಮಹಾಕವಿ ಪಂಪನ ಜೀವನದ ಮೇಲೆ ಹೊಸ ಬೆಳಕನ್ನು ಚೆಲ್ಲುವಲ್ಲಿ ಅತ್ಯಂತ ಮಹತ್ವಪೂರ್ಣವಾದ ಪಾತ್ರವನ್ನು ವಹಿಸುವಂತಹ ಶಾಸನಗಳಲ್ಲಿ ಅವನ ಸಹೋದರನಾದ ಜಿನವಲ್ಲಭನಿಂದ ಬರೆಸಲ್ಪಟ್ಟಿರುವಂತಹ ಶಾಸನವು ಅಗ್ರಗಣ್ಯವಾದುದು ಎಂದು ಹೇಳಿದರೆ ತಪ್ಪಾಗಲಾರದು.’

ಮಹಡಿಯಲ್ಲಿ ತಿದ್ದಿದ ಮೇಲೆ ಅದು ಹೀಗಾಯಿತು:

‘ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿ ಬೊಮ್ಮಲಗುಟ್ಟ ಎಂಬ ಬೆಟ್ಟವಿದೆ. ಅಲ್ಲಿ ಜೈನಶಿಲ್ಪಗಳ ಬಳಿಯಲ್ಲೇ ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿರುವ ಒಂದು ಶಾಸನವಿದೆ. ಬರೆಸಿದವನು ಜಿನವಲ್ಲಭ, ಕನ್ನಡ ಕವಿ ಪಂಪನ ತಮ್ಮ. ಕಾಲವು ಸುಮಾರು ಕ್ರಿ.ಶ. ೯೪೫. ಪಂಪನು ತನ್ನ ಕಾವ್ಯದಲ್ಲಿ ತಂದೆಯ ಕಡೆಯ ವಂಶಾವಳಿಯನ್ನು ಕೊಟ್ಟಿದ್ದಾನೆ. ತಾಯಿ ಅಬ್ಬಣಬ್ಬೆಯ ಹೆಸರೂ ಆಕೆ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳೆಂಬುದೂ ತಿಳಿಯುವುದು ಈ ಬಂಡೆಯಿಂದ.’

ಎರಡನೆಯ ಪಾಠದಲ್ಲಿ ‘ಹೊಸ ಬೆಳಕು’ ಎಂಬ ಮಾತಿಲ್ಲ, ಬೆಳಕು ಇದೆ. ‘ಮಹತ್ವಪೂರ್ಣ’ ಎಂಬ ವಿಶೇಷಣವಿಲ್ಲ. ಮಹತ್ತ್ವವು ಏಕೆಂಬುದು ಇದೆ. ತೆಲುಗು ಕೇಳುಗನಿಗೆ ತನ್ನ ಭಾಷೆಯ ಹೆಸರು ಎರಡನೆಯ ವಾಕ್ಯದಲ್ಲಿಯೇ ಕಿವಿಗೆ ಬೀಳುತ್ತದೆ. ಹೊಗಳಿಕೆಯನ್ನು ತೆಗೆದುದರಿಂದ ಪಂಪನಿಗೆ ನಷ್ಟವೇನೂ ಆಗಿಲ್ಲ.

ಇಂಥ ತಿದ್ದುಪಡಿಗೆ ನಾವು ಅನುಸರಿಸುವ ಒಂದು ಸರಳ ಉಪಾಯವುಂಟು. ಕರಡಿನ ಪ್ರತಿಯೊಂದು ವಾಕ್ಯದ ಕೆಳಗೂ ಗೆರೆ ಎಳೆಯುವುದು: ಆಕರವು ಹೇಳುವ ಮಾತಿಗೆ ಕೆಂಪು ಗೆರೆ, ನಾವು ಅದರಿಂದ ತೆಗೆದ ಮಾತಿಗೆ ನೀಲಿ ಗೆರೆ. ಎರಡೂ ಬಣ್ಣ ಸಲ್ಲದ ವಾಕ್ಯವು ಬಹುಮಟ್ಟಿಗೆ ಪ್ರಶಂಸೆಯೋ ಪೀಠಿಕೆಯೋ ಪುನರುಕ್ತಿಯೋ ಆಗಿರುತ್ತದೆ. ಅದನ್ನು ಹೊಡೆದುಹಾಕಿ ನೋಡಬೇಕು. ಅರ್ಥಕ್ಕೆ ಕುಂದು ಬಾರದಿದ್ದರೆ ಅದು ಮರಳಿ ಬರಬೇಕಾಗಿಲ್ಲ. ನಮ್ಮ ಆ ಹಳೆಯ ಪ್ರಬಂಧದ ಮೊದಲ ಮೂರು ಪುಟಗಳಲ್ಲಿ ಕೆಂಪು ಗೆರೆ ಬಿದ್ದುದು ಎರಡೇ ವಾಕ್ಯಗಳಿಗೆ.

೪

ಕಥನದ ವಿಷಯಕ್ಕೆ ಬರೋಣ. ಸಂಶೋಧನೆಯಲ್ಲಿ ಕಥೆಗೆ ಏನು ಕೆಲಸ ಎಂದು ಕೆಲವರು ಕೇಳಬಹುದು. ಆಧಾರಗಳನ್ನು ಯಾವ ಸರದಿಯಲ್ಲಿ ಇಟ್ಟರೆ ಕೇಳುಗನ ಮನಸ್ಸಿನಲ್ಲಿ ‘ಮುಂದೇನು’ ಎಂಬ ಪ್ರಶ್ನೆ ಹುಟ್ಟುತ್ತದೆಯೋ ಆ ಸರದಿಯನ್ನು ಕಂಡುಕೊಳ್ಳುವುದೇ ಇಲ್ಲಿ ಕಥನ, ಇಲ್ಲದ್ದನ್ನು ಕಲ್ಪಿಸುವುದಲ್ಲ.

ಈ ಸರದಿಗೆ ವಡ್ಡಾರಾಧನೆಯು ಒಳ್ಳೆಯ ಮಾದರಿ. ಅದರ ಹತ್ತೊಂಬತ್ತು ಕಥೆಗಳು ಪ್ರಾಕೃತ ಗಾಹೆಯಿಂದ ಆರಂಭವಾಗುತ್ತವೆ. ಗಾಹೆಯಲ್ಲಿ ಇಡೀ ಕಥೆಯ ಬೀಜವಿರುತ್ತದೆ. ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿ ಆಮೇಲೆ ಕಥೆಯನ್ನು ವಿಸ್ತರಿಸಲಾಗುತ್ತದೆ. ಇಂಥವನು ಇಂಥ ಉಪಸರ್ಗವನ್ನು ಸಹಿಸಿದನೆಂಬ ಅಂತ್ಯವು ಕೇಳುಗನಿಗೆ ಮೊದಲೇ ತಿಳಿದಿರುತ್ತದೆ. ಹಾಗಿದ್ದೂ ಅವನು ಕೇಳುತ್ತಾನೆ. ಏಕೆಂದರೆ ಈಗ ಅವನಿಗೆ ಬೇಕಾಗಿರುವುದು ‘ಏನಾಯಿತು’ ಎಂಬುದಲ್ಲ, ‘ಹೇಗಾಯಿತು’ ಎಂಬುದು. ಸಂಶೋಧಕನಿಗೂ ಇದೇ ಕ್ರಮ ಹೊಂದುತ್ತದೆ. ತೀರ್ಮಾನವನ್ನು ಕಡೆಯ ಪುಟಕ್ಕೆ ಬಚ್ಚಿಡುವುದರಿಂದ ಪ್ರಯೋಜನವಿಲ್ಲ. ಅದನ್ನು ಎರಡು ವಾಕ್ಯಗಳ ಗಾಹೆಯಾಗಿ ಮೊದಲೇ ಹೇಳಿ, ಅದಕ್ಕೆ ಹೇಗೆ ಬಂದೆವೆಂಬುದನ್ನು ಕಥೆಯಾಗಿ ಬಿಡಿಸಬೇಕು. ಸಾರಾಂಶವನ್ನು ಕಡೆಯಲ್ಲಿ ಬರೆಯುವ ರೂಢಿಯುಳ್ಳವರು ಅದನ್ನು ಮೊದಲು ಬರೆದು, ಪ್ರಬಂಧವನ್ನು ಅದರ ವ್ಯಾಖ್ಯಾನವೆಂದು ತಿಳಿದು ಮುಂದುವರಿದರೆ ಎಷ್ಟೋ ಅಡ್ಡದಾರಿಗಳು ತಪ್ಪುತ್ತವೆ.

ಆದರೆ ಕಥನದಲ್ಲಿ ಒಂದು ಅಪಾಯವೂ ಇದೆ. ಕಥೆಯು ಓಡತೊಡಗಿದರೆ ಆಧಾರವಿಲ್ಲದ ಹಳ್ಳವನ್ನೂ ಅದು ಹಾರಿಬಿಡುತ್ತದೆ. ಕುರ್ಕ್ಯಾಲದ ಬಂಡೆಯು ಪಂಪನ ತಾಯಿಯನ್ನು ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳೆಂದು ಹೇಳುತ್ತದೆ. ಪಂಪನು ಅಣ್ಣಿಗೇರಿಯಲ್ಲಿ ಹುಟ್ಟಿದನೆಂದು ಹೇಳುವುದಿಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಒಂದು ಹೆಜ್ಜೆ ಬೇಕು. ಅದು ಸಾಧ್ಯವಾದ ಹೆಜ್ಜೆಯೇ ಇರಬಹುದು, ಆದರೂ ಅದು ಬಂಡೆಯದಲ್ಲ, ನಮ್ಮದು. ಈ ಭೇದವನ್ನು ಕಾಪಾಡಲು ಕನ್ನಡದ ಕ್ರಿಯಾಪದಗಳೇ ಸಾಕು. ನಾವು ಅವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿಕೊಂಡಿದ್ದೇವೆ.

ಆಕರದಲ್ಲಿ ನೇರವಾಗಿ ಇರುವುದಕ್ಕೆ ‘ಹೇಳುತ್ತದೆ’. ಆಕರದ ಎರಡು ಮಾತುಗಳನ್ನು ಕೂಡಿಸಿದಾಗ ತಪ್ಪದೆ ಹೊರಡುವುದಕ್ಕೆ ‘ತಿಳಿದುಬರುತ್ತದೆ’. ಕಾರಣಗಳಿದ್ದು, ಬೇರೊಂದು ಸಾಧ್ಯತೆಯೂ ಉಳಿದಿರುವುದಕ್ಕೆ ‘ಊಹಿಸಬಹುದು’. ಪ್ರಶ್ನೆಯಷ್ಟೇ ಇದ್ದು ಆಧಾರ ಸಾಲದಿರುವುದಕ್ಕೆ ‘ಪರಿಶೀಲಿಸಬೇಕಾಗಿದೆ’. ಜಿನವಲ್ಲಭನು ತ್ರಿಭುವನತಿಲಕವೆಂಬ ಬಸದಿಯನ್ನೂ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮದನವಿಲಾಸವೆಂಬ ತೋಟವನ್ನೂ ಮಾಡಿಸಿದನೆಂದು ಶಾಸನವು ಹೇಳುತ್ತದೆ. ಕವಿತಾಗುಣಾರ್ಣವ ಎಂಬುದು ಪಂಪನ ಬಿರುದಾದ್ದರಿಂದ ಕೆರೆಯ ಹೆಸರು ಅಣ್ಣನ ಬಿರುದೇ ಎಂಬುದು ತಿಳಿದುಬರುತ್ತದೆ. ಕೆರೆ ತೋಡಿಸಿದಾಗ ಅಣ್ಣನು ಅದನ್ನು ಕಂಡಿದ್ದನೆಂದು ಬೇಕಾದರೆ ಊಹಿಸಬಹುದು, ಅದಕ್ಕಿಂತ ಮುಂದೆ ಹೋಗಲಾಗದು. ಈ ನಾಲ್ಕು ಪದಗಳನ್ನು ಅದಲುಬದಲು ಮಾಡದೆ ಬಳಸಿದ ಪ್ರಬಂಧವನ್ನು ಒಪ್ಪದವರೂ ನಂಬುತ್ತಾರೆ. ‘ನಿಸ್ಸಂದೇಹವಾಗಿ’, ‘ನಿರ್ವಿವಾದವಾಗಿ’ ಎಂಬ ಪದಗಳು ಬಂದಲ್ಲೆಲ್ಲ ಸಂದೇಹವೂ ವಿವಾದವೂ ಇರುವುದು ನಮ್ಮ ಅನುಭವ.

೫

ಉದ್ಧರಣೆಗಳ ಬಳಕೆಯು ಹೊರನಾಡ ಸಂಶೋಧಕರಿಗೆ ಮತ್ತೊಂದು ತೊಡಕು. ವಚನವನ್ನೋ ಪದ್ಯವನ್ನೋ ಪೂರ್ತಿಯಾಗಿ ಕೊಟ್ಟು, ‘ಎಂಬಲ್ಲಿ ಕವಿಯ ಪ್ರತಿಭೆ ವ್ಯಕ್ತವಾಗಿದೆ’ ಎಂದು ಮುಗಿಸುವ ರೂಢಿ ನಮ್ಮಲ್ಲಿ ಬೇರುಬಿಟ್ಟಿದೆ. ಕನ್ನಡ ಬಲ್ಲವನಿಗೆ ಅದು ಬೇಸರ, ಅರಿಯದವನಿಗೆ ಕತ್ತಲೆ.

ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲಿಗೆ ಸಂಯೋಜಿಸಿದ ಶೂನ್ಯಸಂಪಾದನೆಯನ್ನು ಇಲ್ಲಿ ನೆನೆಯಬಹುದು. ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದ ಆ ಗ್ರಂಥದಲ್ಲಿ ವಚನಗಳ ನಡುವೆ ಗದ್ಯದ ಸಂಪರ್ಕವಾಕ್ಯಗಳಿವೆ. ಈ ವಚನವನ್ನು ನುಡಿದವರು ಯಾರು, ಯಾರಿಗೆ, ಯಾವ ಮಾತಿಗೆ ಉತ್ತರವಾಗಿ ಎಂಬುದನ್ನು ಆ ವಾಕ್ಯಗಳು ಕಾಣಿಸುತ್ತವೆ. ಹೀಗೆ ಸಂಪಾದಿಸಿದ್ದು ಎಷ್ಟರಮಟ್ಟಿಗೆ ಚಾರಿತ್ರಿಕ ಎಂಬುದು ಬೇರೆಯ ಚರ್ಚೆ. ಬರವಣಿಗೆಯ ತಂತ್ರವಾಗಿ ಅದರಿಂದ ಕಲಿಯಬೇಕಾದದ್ದು ಇಷ್ಟು: ಯಾವ ಉದ್ಧರಣೆಯೂ ಒಂಟಿಯಾಗಿ ನಿಲ್ಲಬಾರದು. ಮುಂಚೆ ಒಂದು ವಾಕ್ಯವು ಓದುಗನಿಗೆ ಏನನ್ನು ಗಮನಿಸಬೇಕೆಂದು ಹೇಳಬೇಕು. ಅನಂತರ ಒಂದು ವಾಕ್ಯವು ಅದರಿಂದ ವಾದಕ್ಕೆ ಏನು ದೊರೆಯಿತೆಂದು ಹೇಳಬೇಕು.

ಕನ್ನಡ ಬಾರದ ವಿದ್ವಾಂಸರೆದುರಿಗೆ ಉದ್ಧರಣೆಯನ್ನು ಮೂರು ಪದರಗಳಲ್ಲಿ ಇಡುವುದು ಒಳ್ಳೆಯದು. ಮೊದಲು ಮೂಲ, ಎರಡನೆಯದಾಗಿ ರೋಮನ್ ಲಿಪ್ಯಂತರ, ಮೂರನೆಯದಾಗಿ ಸರಳವಾದ ಗದ್ಯಾರ್ಥ. ಲಿಪ್ಯಂತರಕ್ಕೆ ೨೦೦೧ರಲ್ಲಿ ಪ್ರಕಟವಾದ ಐಎಸ್ಒ ೧೫೯೧೯ ಎಂಬ ಅಂತರರಾಷ್ಟ್ರೀಯ ಪದ್ಧತಿಯಿದೆ. ಯಾವುದೇ ಪದ್ಧತಿಯಾಗಲಿ, ಪ್ರಬಂಧದುದ್ದಕ್ಕೂ ಒಂದೇ ಇರಲಿ. ಲ-ಳ, ನ-ಣ ಭೇದಗಳು ಅಳಿದುಹೋದರೆ ನಮ್ಮ ಶಬ್ದವನ್ನು ತಮ್ಮ ಭಾಷೆಯ ಶಬ್ದದೊಡನೆ ಹೋಲಿಸಬಯಸುವ ತಮಿಳು, ಮಲಯಾಳ ಪಂಡಿತರಿಗೆ ದಾರಿಯೇ ಮುಚ್ಚಿಹೋಗುತ್ತದೆ.

೬

ಇನ್ನು ಪದ ಮತ್ತು ವಾಕ್ಯ. ಕವಿರಾಜಮಾರ್ಗವು ತನ್ನ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನು ದೋಷಗಳ ವಿವೇಚನೆಗೆ ಮೀಸಲಿಟ್ಟು, ಅಲಂಕಾರಗಳನ್ನು ಆಮೇಲಿನ ಎರಡು ಪರಿಚ್ಛೇದಗಳಿಗೆ ಬಿಟ್ಟಿದೆ. ಒಂಬತ್ತನೆಯ ಶತಮಾನದ ಈ ಗ್ರಂಥದ ಕ್ರಮವೇ ಒಂದು ಉಪದೇಶದಂತಿದೆ: ಮೊದಲು ತಪ್ಪು ತೆಗೆ, ಆಮೇಲೆ ಚೆಲುವಿನ ಮಾತು. ೧೧೧೨ರಲ್ಲಿ ಧರ್ಮಾಮೃತವನ್ನು ಬರೆದ ನಯಸೇನನು, ಅಚ್ಚಗನ್ನಡದೊಳಗೆ ಸಂಸ್ಕೃತವನ್ನು ತಂದು ತುರುಕುವುದನ್ನು ತುಪ್ಪಕ್ಕೆ ಎಣ್ಣೆ ಬೆರಸುವುದಕ್ಕೆ ಹೋಲಿಸಿದ್ದಾನೆ. ಎರಡೂ ಒಳ್ಳೆಯ ಪದಾರ್ಥಗಳೇ, ಬೆರಕೆ ಕೆಟ್ಟದ್ದು. ಇಂದಿನ ಸಂಶೋಧನ ಗದ್ಯದಲ್ಲಿ ತುಪ್ಪ, ಎಣ್ಣೆಗಳ ಜೊತೆಗೆ ಇಂಗ್ಲಿಷಿನ ಪದಶಃ ಅನುವಾದವೂ ಸೇರಿಕೊಂಡಿದೆ. ‘ಪಾತ್ರ ವಹಿಸು’, ‘ಬೆಳಕು ಚೆಲ್ಲು’, ‘ಬರೆಯಲ್ಪಟ್ಟಿದೆ’ ಎಂಬಂಥವು ಆ ಜಾತಿಯವು. ‘ಜಿನವಲ್ಲಭನಿಂದ ಬರೆಸಲ್ಪಟ್ಟಿದೆ’ ಎನ್ನುವುದಕ್ಕಿಂತ ‘ಜಿನವಲ್ಲಭ ಬರೆಸಿದ್ದಾನೆ’ ಎಂದರೆ ಅಕ್ಷರವೂ ಉಳಿಯುತ್ತದೆ, ಕರ್ತೃವೂ ಉಳಿಯುತ್ತಾನೆ.

ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಕಡೆಗೆ ಬರುತ್ತದೆಂಬುದು ನಾವೆಲ್ಲ ಬಲ್ಲ ವ್ಯಾಕರಣಸಂಗತಿ. ಮಂಡನೆಯಲ್ಲಿ ಇದು ದೊಡ್ಡ ಪರಿಣಾಮವನ್ನು ಉಂಟುಮಾಡುತ್ತದೆ. ಓದುಗನು ವಾಕ್ಯ ತಪ್ಪಿದರೆ ಹಿಂದಿರುಗಿ ನೋಡಬಹುದು. ಕೇಳುಗನಿಗೆ ಆ ಸೌಲಭ್ಯವಿಲ್ಲ. ಮೂವತ್ತು ಪದಗಳ ವಿಶೇಷಣಗಳನ್ನು ಹೊತ್ತುಕೊಂಡು ಅವನು ಕ್ರಿಯಾಪದಕ್ಕಾಗಿ ಕಾಯಬೇಕು. ಆದ್ದರಿಂದ ಅಚ್ಚಿಗೆ ಕೊಡುವ ಪ್ರತಿ, ವೇದಿಕೆಯಲ್ಲಿ ಓದುವ ಪ್ರತಿ ಎರಡೂ ಬೇರೆ ಬೇರೆಯಾಗಿರುವುದು ಅವಶ್ಯ. ಅಚ್ಚಿನ ಒಂದು ವಾಕ್ಯವು ವೇದಿಕೆಯ ಪ್ರತಿಯಲ್ಲಿ ಮೂರಾಗಬಹುದು. ಎಲ್ಲಿ ಒಡೆಯಬೇಕೆಂಬುದನ್ನು ಕಿವಿಯೇ ಹೇಳುತ್ತದೆ: ಗಟ್ಟಿಯಾಗಿ ಓದುವಾಗ ಎಲ್ಲಿ ಉಸಿರು ಸಾಲದೆ ಬರುತ್ತದೆಯೋ ಅಲ್ಲಿ ಒಡೆಯಬೇಕು.

೭

ನಮ್ಮ ಪ್ರಾಚೀನರು ಕವಿ, ಗಮಕಿ, ವಾದಿ, ವಾಗ್ಮಿ ಎಂದು ನಾಲ್ವರನ್ನು ಒಟ್ಟಿಗೆ ಹೆಸರಿಸುತ್ತಿದ್ದರು. ಜಿನಸೇನನ ಆದಿಪುರಾಣವು ಸಮಂತಭದ್ರನ ಕೀರ್ತಿಯನ್ನು ಈ ನಾಲ್ಕೂ ವರ್ಗದವರ ತಲೆಯ ಮೇಲಿನ ಮಣಿಯೆಂದು ಹೊಗಳುತ್ತದೆ. ಪ್ರಬಂಧವನ್ನು ಮಂಡಿಸುವವನು ಹದಿನೈದು ನಿಮಿಷಗಳಲ್ಲಿ ಈ ನಾಲ್ಕು ಕೆಲಸಗಳನ್ನೂ ಮಾಡಬೇಕಾಗುತ್ತದೆ: ಹೊಸದನ್ನು ಕಟ್ಟಬೇಕು, ಪಠ್ಯವನ್ನು ಬಿಡಿಸಿ ತೋರಿಸಬೇಕು, ಆಕ್ಷೇಪಕ್ಕೆ ನಿಲ್ಲಬೇಕು, ಸಭೆಯನ್ನು ಹಿಡಿದಿಡಬೇಕು. ಸಾಮಾನ್ಯವಾಗಿ ನಾವು ಮೊದಲನೆಯದಕ್ಕೆ ವರ್ಷಗಳನ್ನು ಕೊಟ್ಟು, ಉಳಿದ ಮೂರಕ್ಕೆ ಹಿಂದಿನ ರಾತ್ರಿಯ ರೈಲುಪ್ರಯಾಣವನ್ನು ಕೊಡುತ್ತೇವೆ.

ಕಾಲದ ಲೆಕ್ಕದಿಂದ ಆರಂಭಿಸುವುದು ಉಚಿತ. ಗಡಿಯಾರವನ್ನು ಎದುರಿಗಿಟ್ಟು ಓದಿದಾಗ, ಕೇಳುಗರಿಗೆ ತಿಳಿಯುವ ವೇಗದಲ್ಲಿ ನಿಮಿಷಕ್ಕೆ ತೊಂಬತ್ತು ಕನ್ನಡ ಪದಗಳನ್ನು ದಾಟುವುದು ನಮಗೆ ಸಾಧ್ಯವಾಗಲಿಲ್ಲ. ಪ್ರತಿಯೊಬ್ಬರೂ ತಮ್ಮ ವೇಗವನ್ನು ಹೀಗೆ ಅಳೆದುಕೊಳ್ಳಬೇಕು. ಈ ಲೆಕ್ಕದಲ್ಲಿ ಹದಿನೈದು ನಿಮಿಷವೆಂದರೆ ಹೆಚ್ಚೆಂದರೆ ಸಾವಿರದ ಮುನ್ನೂರೈವತ್ತು ಪದಗಳಷ್ಟೇ. ಇಪ್ಪತ್ತು ಪುಟದ ಪ್ರಬಂಧವನ್ನು ಕೈಯಲ್ಲಿ ಹಿಡಿದು ‘ಸಮಯಾಭಾವದಿಂದ ಕೆಲವು ಭಾಗಗಳನ್ನು ಬಿಡುತ್ತೇನೆ’ ಎನ್ನುವುದು ಸಭೆಗೂ ವಿಷಯಕ್ಕೂ ಮಾಡುವ ಅನಾದರ. ಬಿಡಬೇಕಾದುದನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು. ಮೂರು ನಿಮಿಷ ವಸ್ತು ಮತ್ತು ಪ್ರಶ್ನೆಗೆ, ಎಂಟು ನಿಮಿಷ ಆಧಾರಕ್ಕೆ, ಎರಡು ನಿಮಿಷ ತೀರ್ಮಾನಕ್ಕೆ ಕೊಟ್ಟರೆ ಎರಡು ನಿಮಿಷ ಕೈಯಲ್ಲಿ ಉಳಿಯುತ್ತದೆ. ಅದು ತಡವಾಗಿ ಆರಂಭವಾಗುವ ಸಭೆಗೆ.

ಗಮಕಿಯ ಕೆಲಸವು ಇಂದು ತೆರೆಯ ಮೇಲೆಯೂ ನಡೆಯುತ್ತದೆ. ತೆರೆಯ ಮೇಲೆ ಪ್ರಬಂಧದ ವಾಕ್ಯಗಳನ್ನೇ ತುಂಬಿಸಿ ಅವನ್ನೇ ಓದುವುದು ವ್ಯರ್ಥ. ಕಣ್ಣು ಮುಂದೆ ಹೋಗುತ್ತದೆ, ಕಿವಿ ಹಿಂದೆ ಉಳಿಯುತ್ತದೆ. ಮಾತಿನಲ್ಲಿ ಹೇಳಲಾಗದುದನ್ನು ಮಾತ್ರ ತೆರೆಗೆ ಕೊಡಬೇಕು. ಕುರ್ಕ್ಯಾಲದ ವಿಷಯದಲ್ಲಿ ನಾಲ್ಕು ಚಿತ್ರಗಳು ಸಾಕೆಂದು ನಾವು ಕಂಡುಕೊಂಡೆವು: ವೇಮುಲವಾಡ, ಕುರ್ಕ್ಯಾಲ, ಅಣ್ಣಿಗೇರಿಗಳನ್ನು ಗುರುತಿಸಿದ ಒಂದು ನಕ್ಷೆ, ಬೆಟ್ಟದ ಒಂದು ದೂರದ ನೋಟ, ಶಿಲ್ಪ ಮತ್ತು ಬರಹಗಳು ಒಟ್ಟಿಗೆ ಕಾಣುವ, ಅಳತೆಪಟ್ಟಿಯನ್ನು ಬದಿಗಿಟ್ಟ ಒಂದು ಛಾಯಾಚಿತ್ರ, ತಾಯಿಯ ಹೆಸರುಳ್ಳ ಸಾಲಿನ ಮೂರು ಪದರಗಳ ಪಾಠ. ನಾಲ್ಕನೆಯ ಚಿತ್ರವು ತೆರೆಯ ಮೇಲಿರುವಾಗ ಅರ್ಧ ನಿಮಿಷ ಮೌನವಾಗಿರುವುದು ಒಳ್ಳೆಯದು. ಸಭೆಯು ಓದಿಕೊಳ್ಳಲಿ.

ತಂತ್ರಜ್ಞಾನದ ವಿಷಯದಲ್ಲಿ ಒಂದು ಎಚ್ಚರಿಕೆ ಹೊರನಾಡಿನವರಿಗೆ ವಿಶೇಷವಾಗಿ ಸಲ್ಲುತ್ತದೆ. ಹಳೆಯ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕಡತವು ಆ ತಂತ್ರಾಂಶವಿಲ್ಲದ ಗಣಕದಲ್ಲಿ ಗೋಜಲಾಗಿ ತೆರೆದುಕೊಳ್ಳುತ್ತದೆ. ಕನ್ನಡವನ್ನೇ ಕಾಣದ ಕಚೇರಿಯಲ್ಲಿ ಅದನ್ನು ಸರಿಪಡಿಸುವವರು ಸಿಗುವುದಿಲ್ಲ. ಆದ್ದರಿಂದ ಎಲ್ಲ ಬರಹವೂ ಯೂನಿಕೋಡಿನಲ್ಲಿರಬೇಕು. ಸಭೆಗೆ ಒಯ್ಯುವ ಪ್ರತಿಯು ಅಕ್ಷರಗಳನ್ನು ಒಳಗೇ ಹುದುಗಿಸಿಕೊಂಡ ಪಿಡಿಎಫ್ ಆಗಿರಬೇಕು. ಹಳಗನ್ನಡದ ಱ ಮತ್ತು ೞ ಎರಡಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದ್ದು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸದ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಹೆಸರನ್ನು ಹುಡುಕಿ ಕಾಣದೆ, ೞ ಇರಬೇಕಾದಲ್ಲಿ ಳ ಬರೆದು ಪಾಠವನ್ನು ಕೆಡಿಸುವವರಿದ್ದಾರೆ. ಅಕ್ಷರವಿದೆ; ಹೆಸರು ಮಾತ್ರ ತಪ್ಪಾಗಿದೆ.

ವಾದಿಯ ಕೆಲಸವು ಪ್ರಶ್ನೋತ್ತರದಲ್ಲಿ. ಕಾಸರಗೋಡು, ದಕ್ಷಿಣ ಕನ್ನಡಗಳ ತಾಳಮದ್ದಳೆಯನ್ನು ಕೇಳಿದವರಿಗೆ ಇದರ ರಹಸ್ಯ ಗೊತ್ತಿದೆ. ಅಲ್ಲಿ ಬರೆದ ಸಂಭಾಷಣೆಯಿಲ್ಲ. ಪ್ರಸಂಗದ ಪದ್ಯವೊಂದೇ ಆಧಾರ. ಒಳ್ಳೆಯ ಅರ್ಥಧಾರಿಯ ಬಲವು ಮಾತನಾಡುವುದರಲ್ಲಿ ಇರುವಷ್ಟೇ ಎದುರಾಳಿಯ ಮಾತನ್ನು ಕಡೆಯವರೆಗೂ ಕೇಳುವುದರಲ್ಲಿಯೂ ಇದೆ. ಪ್ರಶ್ನೆಯನ್ನು ಪೂರ್ತಿ ಕೇಳಿ, ಅದನ್ನು ನಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ‘ನೀವು ಕೇಳಿದ್ದು ಇದೇ ಅಲ್ಲವೇ’ ಎಂದು ಖಚಿತಪಡಿಸಿಕೊಂಡು ಉತ್ತರಿಸಿದರೆ ಅರ್ಧ ವಾದವು ತಾನಾಗಿ ಕರಗುತ್ತದೆ. ಉತ್ತರವು ಗೊತ್ತಿಲ್ಲದಿದ್ದರೆ ನಾಲ್ಕನೆಯ ಮೆಟ್ಟಿಲಿನ ಕ್ರಿಯಾಪದ ಇದ್ದೇ ಇದೆ.

೮

ತಿದ್ದಿದ ಪ್ರಬಂಧವನ್ನು ಕುಷಾಯಿಗೂಡದ ಮಹಡಿಯಲ್ಲಿ ಓದಿದ ದಿನ, ಮುಗಿದ ಕೂಡಲೆ ಮೊದಲು ಮಾತನಾಡಿದವರು ನೆರೆಮನೆಯ ತಂತ್ರಜ್ಞರೇ. ಅವರು ಪಂಪನನ್ನು ಕುರಿತು ಏನೂ ಕೇಳಲಿಲ್ಲ. ‘ಆ ಬೆಟ್ಟ ಈಗಲೂ ಹಾಗೆಯೇ ಇದೆಯೇ? ಕರೀಂನಗರದ ಕಡೆ ಗ್ರಾನೈಟ್ ಗಣಿಗಳು ಬಹಳ’ ಎಂದರು. ಗ್ರಾನೈಟಿಗೆ ಹೆಸರಾದ ಜಿಲ್ಲೆಯ ಬೆಟ್ಟವನ್ನು ಕುರಿತು ಈ ಪ್ರಶ್ನೆಯು ಸಹಜವಾದದ್ದು. ಅದನ್ನು ಕೇಳಲು ಅವರಿಗೆ ಎಲ್ಲ ಅಧಿಕಾರವೂ ಇತ್ತು. ಅಲ್ಲಿದ್ದ ಸಂಶೋಧಕರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಮುಂದಿನ ವಾರವೇ ಅವರನ್ನೂ ಕರೆದುಕೊಂಡು ಹೋಗಿ ಬಂದೆವು. ಬೆಟ್ಟದ ಮೇಲೆ ನಿಂತು ತೆಲುಗು ಭಾಗವನ್ನು ಬೆರಳಿನಿಂದ ಅನುಸರಿಸಲು ಅವರು ಯತ್ನಿಸಿದರು, ನಾವು ಕನ್ನಡ ಭಾಗವನ್ನು. ಹಳೆಯ ಲಿಪಿಯು ಎರಡೂ ಭಾಷೆಗಳಿಗೆ ಸಮಾನವಾದದ್ದರಿಂದ ಒಬ್ಬರು ತಡವರಿಸಿದ ಅಕ್ಷರವನ್ನು ಮತ್ತೊಬ್ಬರು ಹೇಳುತ್ತಿದ್ದರು.

ನಮ್ಮ ಹಳೆಯ ಪ್ರಬಂಧವು ವಿದ್ವಾಂಸರ ಸಭೆಯಲ್ಲಿ ಒಂದು ಪ್ರಶ್ನೆಯನ್ನೂ ಹುಟ್ಟಿಸಲಿಲ್ಲ; ಹೊಸದು ವಿಷಯಕ್ಕೆ ಹೊರಗಿನವರೊಬ್ಬರನ್ನು ಬೆಟ್ಟದವರೆಗೆ ನಡೆಸಿತು. ಆಧಾರಗಳು ಎರಡರಲ್ಲಿಯೂ ಒಂದೇ, ಜೋಡಣೆಯೊಂದೇ ವ್ಯತ್ಯಾಸ. ಕನ್ನಡ ಮತ್ತು ತೆಲುಗು ಎರಡಕ್ಕೂ ೨೦೦೮ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಅದಕ್ಕೆ ಸಾವಿರ ವರ್ಷಗಳಿಗೂ ಹಿಂದೆ ಎರಡೂ ಒಂದೇ ಬಂಡೆಯ ಮೇಲೆ ಒಂದಕ್ಕೊಂದು ಅಡ್ಡಬರದೆ ಕುಳಿತಿದ್ದುವೆಂಬುದನ್ನು ಇತರ ಭಾಷೆಯವರಿಗೆ ತಿಳಿಯುವಂತೆ ಹೇಳುವ ಹೊಣೆಯು ಹೊರನಾಡಿನಲ್ಲಿ ಕುಳಿತು ಕನ್ನಡದ ಕೆಲಸ ಮಾಡುವವರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ.

ಜಿನವಲ್ಲಭನು ಒಂದೇ ಭಾಷೆಯಲ್ಲಿ ಬರೆಸಿ ಸುಮ್ಮನಾಗಬಹುದಾಗಿತ್ತು. ಅವನು ಮೂರು ಭಾಷೆಗಳಲ್ಲಿ ಬರೆಸಿದುದರಿಂದ, ಆ ಬೆಟ್ಟವನ್ನು ಹತ್ತಿಬರುವ ಬೇರೆ ಬೇರೆ ಓದುಗರನ್ನು ಅವನು ನೆನೆದಿದ್ದನೆಂದು ಊಹಿಸಬಹುದು. ನಮ್ಮ ಮುಂದಿನ ಪ್ರಬಂಧದ ಮೊದಲ ವಾಕ್ಯವನ್ನು ಬರೆಯುವ ಮುನ್ನ ನಾವೂ ನಮ್ಮ ಓದುಗರನ್ನು ಅಷ್ಟುಮಟ್ಟಿಗೆ ನೆನೆದುಕೊಳ್ಳುವುದು ಯುಕ್ತ.